ಎರೆ ಭೂಮಿಯಲ್ಲಿ ಸಣ್ಣ ಟ್ರ್ಯಾಕ್ಟರಿನ ಹಿಡಿತ: ಕೊಲ್ಹಾರ ಸೀಮೆ

ಟ್ರ್ಯಾಕ್ಟರಿನ ಗಾಲಿ ತಿರುಗುವಾಗ ಅದರ ಬಲವನ್ನು ತಡೆದು ಹಿಡಿದು ಯಂತ್ರವನ್ನು ಮುಂದಕ್ಕೆ ಒತ್ತುವ ಶಕ್ತಿ ನೆಲಕ್ಕೆ ಎಷ್ಟಿದೆಯೋ ಅಷ್ಟೇ ಆ ಟ್ರ್ಯಾಕ್ಟರಿನ ಹಿಡಿತ. ಎಂಜಿನ್ನಿನ ಅಶ್ವಶಕ್ತಿಗೂ ಇದಕ್ಕೂ ನೇರ ಸಂಬಂಧವಿಲ್ಲ. 24 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಅರ್ಧ ಶಕ್ತಿ ಮಾತ್ರ ಗಾಲಿಗೆ ತಲುಪಿತು ಎಂದುಕೊಂಡರೂ, ಸುಮಾರು 800 ಕಿಲೋ ತೂಕಕ್ಕೆ ಸಮನಾದ ಎಳೆತವನ್ನು ಕೊಡಬಲ್ಲದು. ಒಂದು ಟನ್ನಿನ ಆಚೀಚೆ ತೂಗುವ ಆ ಯಂತ್ರದ ಕೆಳಗಿನ ನೆಲ ಅಷ್ಟನ್ನು ತಾಳಿಕೊಳ್ಳುವುದು ಅಪರೂಪ. ನೆಲ ಸೋತ ಕಡೆ ಗಾಲಿ ನಿಂತಲ್ಲೇ ಸುತ್ತುತ್ತದೆ. ಚಳಿ ದೇಶಗಳಲ್ಲಿ ಅಂಗಳದ, ಓಣಿಯ ಹಿಮ ತೆಗೆಯಲು ಇಂಥದೇ ಸಣ್ಣ ಟ್ರ್ಯಾಕ್ಟರ್ ಬಳಸುವವರಿಗೆ ಇದು ಪ್ರತಿ ಚಳಿಗಾಲದ ತೊಡಕು. ಟಾಯರಿಗೆ ನೀರು ತುಂಬುವುದು, ಹಿಂದೆ ಭಾರ ಕಟ್ಟುವುದು, ಗಾಲಿಗೆ ಸರಪಳಿ ಸುತ್ತುವುದು ಅಲ್ಲಿಯ ಪರಿಹಾರಗಳು. ವಿಜಯಪುರ ಜಿಲ್ಲೆಯ ಕೊಲ್ಹಾರ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ಆದರೆ ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ ಎರೆ ಹೊಲಕ್ಕೆ ಇಳಿದ ಸಣ್ಣ ಟ್ರ್ಯಾಕ್ಟರಿನ ಪಾಡು ಬೇರೆಯೇನಲ್ಲ. ಗಾಲಿ ಜಾರಿದರೆ ಭಾರ ಹಾಕಬೇಕು ಎಂಬ ನಂಬಿಕೆಯೂ ಎರಡು ಕಡೆ ಒಂದೇ. ಒಣ ನೆಲದಲ್ಲಿ ಆ ನಂಬಿಕೆ ಸರಿ. ಹಸಿ ಎರೆಯಲ್ಲಿ ಅದು ತಪ್ಪು ಮಾತ್ರವಲ್ಲ, ಹಾನಿಕಾರಕ. ಅಲ್ಲಿ ಹಿಡಿತವನ್ನು ಹುಡುಕಬೇಕಾದದ್ದು ಗಾಲಿ ನೆಲಕ್ಕೆ ತಾಗುವ ಹರವಿನಲ್ಲಿ, ಟಾಯರಿನ ಹಲ್ಲಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮಣ್ಣಿನ ಹದದಲ್ಲಿ.

ಕೊಲ್ಹಾರ ಕೃಷ್ಣಾ ನದಿಯ ದಡದ ಊರು. ಬಸವನ ಬಾಗೇವಾಡಿ ತಾಲ್ಲೂಕಿನಿಂದ ಬೇರ್ಪಟ್ಟು ಈಗ ಸ್ವಂತ ತಾಲ್ಲೂಕಿನ ಕೇಂದ್ರವಾಗಿದೆ. ಹೊರಗಿನವರಿಗೆ ಅದು ಗಡಿಗೆ ಮೊಸರಿನ ಊರೆಂದು ಪರಿಚಿತ. ಕೃಷ್ಣಾ ಮೇಲ್ದಂಡೆ ಯೋಜನೆಯ ಚರಿತ್ರೆಯಲ್ಲಿ ಹಿನ್ನೀರಿಗೆ ಜಾಗ ಬಿಟ್ಟು ಹೊಸ ನೆಲೆಗೆ ಸರಿದ ಊರುಗಳಲ್ಲಿ ಒಂದು. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರ್ ಮಟ್ಟಕ್ಕೆ ನಿಂತಾಗ ಸಂಗ್ರಹ ಸುಮಾರು 123 ಟಿಎಂಸಿ. ಮುಳವಾಡ ಏತ ನೀರಾವರಿಯಂಥ ಯೋಜನೆಗಳು ಆ ನೀರನ್ನು ಮೇಲಿನ ಹೊಲಗಳಿಗೆ ಎತ್ತುತ್ತವೆ. ಕೊಲ್ಹಾರ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ನೆಲದ ಬಹುಭಾಗ ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಆದ ಕರಿ ಎರೆ. ನಡುನಡುವೆ ತೆಳು ಮಣ್ಣಿನ ದಿಬ್ಬ, ಅಲ್ಲಲ್ಲಿ ಮಸಾರಿ. ಡೋಣಿ ನದಿಯ ಇಕ್ಕೆಲದ ಆಳವಾದ ಎರೆ ಹಿಂಗಾರಿ ಜೋಳಕ್ಕೆ ಹೆಸರಾದದ್ದು. ಆಳ ಎರೆಯಲ್ಲಿ ಜೇಡಿಯ ಪಾಲು ಅರ್ಧದ ಆಸುಪಾಸು, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು. ಆ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಪ್ರಧಾನ. ಅದರ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಗುದ್ದಲಿ ನಾಟದ ನೆಲ ಸೆಪ್ಟೆಂಬರಿನಲ್ಲಿ ಕಾಲು ಕೀಳಲಾಗದ ರಾಡಿಯಾಗುವುದು ಈ ಗುಣದಿಂದ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲೇ ನಿಂತರೂ ಅದರ ದೊಡ್ಡ ಪಾಲು ಸೆಪ್ಟೆಂಬರ್ ಸುತ್ತಮುತ್ತ, ಸರಿಯಾಗಿ ಹಿಂಗಾರಿ ಬಿತ್ತನೆಯ ಹೊಸ್ತಿಲಲ್ಲಿ, ಸುರಿಯುತ್ತದೆ. ಬರದ ಜಿಲ್ಲೆಯಲ್ಲಿ ಕೆಸರಿನ ಸಮಸ್ಯೆಯೇ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಮಳೆ ಕಡಿಮೆ, ಆದರೆ ಅದು ಬರುವುದು ಗಾಲಿ ಹೊಲಕ್ಕೆ ಇಳಿಯಲೇಬೇಕಾದ ವಾರಗಳಲ್ಲಿ.

ಮಣ್ಣು ಗಾಲಿಯನ್ನು ತಡೆಯುವ ಬಲಕ್ಕೆ ಎರಡು ಮೂಲಗಳಿವೆ ಎಂಬುದನ್ನು ಫ್ರೆಂಚ್ ಎಂಜಿನಿಯರ್ ಕೂಲಂಬ್ ಹದಿನೆಂಟನೆಯ ಶತಮಾನದಲ್ಲೇ ತೋರಿಸಿದ್ದ. ಒಂದು ಘರ್ಷಣೆ: ಕಣದ ಮೇಲೆ ಕಣ ಉಜ್ಜಿ ಹುಟ್ಟುವ ಇದು ಮೇಲಿನ ಭಾರ ಹೆಚ್ಚಿದಂತೆ ಹೆಚ್ಚುತ್ತದೆ. ಇನ್ನೊಂದು ಅಂಟು: ಕಣಗಳು ಒಂದಕ್ಕೊಂದು ಹಿಡಿದುಕೊಂಡ ಬಲ, ಇದು ಭಾರವನ್ನು ಲೆಕ್ಕಿಸುವುದಿಲ್ಲ, ಗಾಲಿ ತಾಗಿದ ಹರವು ಹೆಚ್ಚಾದಷ್ಟೂ ಹೆಚ್ಚು ಸಿಗುತ್ತದೆ. ನೆಲದ ಮೇಲಿನ ಯಂತ್ರ ಚಲನೆಗೆ ಈ ಲೆಕ್ಕವನ್ನು ವಿಸ್ತರಿಸಿ ಎಂಜಿನಿಯರ್ ಎಂ. ಜಿ. ಬೆಕ್ಕರ್ 1956ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಬುನಾದಿ. ಕೊಲ್ಹಾರದ ಹೊಲಕ್ಕೆ ಇದನ್ನು ಅಂದಾಜು ಅಂಕಿಗಳಲ್ಲಿ ಅನ್ವಯಿಸಿ ನೋಡಬಹುದು. ಹಿಂದಿನ ಎರಡು ಗಾಲಿಗಳ ಮೇಲೆ 600 ಕಿಲೋ ಹೊರೆ ಇದೆ, ಅವೆರಡೂ ಸೇರಿ ನೆಲಕ್ಕೆ ತಾಗುವ ಹರವು 1,200 ಚದರ ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ನೆಲ ಒಣಗಿದ್ದು, ಕಣಗಳ ಉಜ್ಜಾಟವನ್ನು ಅಳೆಯುವ ಘರ್ಷಣೆಯ ಕೋನ 30 ಡಿಗ್ರಿ ಇದ್ದರೆ, ಘರ್ಷಣೆಯೊಂದರಿಂದಲೇ ಸುಮಾರು 350 ಕಿಲೋ ಹಿಡಿತ ಸಿಗುತ್ತದೆ. ಇನ್ನೂ 100 ಕಿಲೋ ಭಾರ ಹೇರಿದರೆ 58 ಕಿಲೋ ಹೆಚ್ಚುತ್ತದೆ. ಈಗ ಅದೇ ಹೊಲ ನೀರುಂಡು ತಣಿದಿದೆ ಎನ್ನಿ. ಜೇಡಿಯಲ್ಲಿ ನೀರು ಹರಿದುಹೋಗುವ ವೇಗ ಅತಿ ಕಡಿಮೆ. ಗಾಲಿ ಹಾದುಹೋಗುವ ಆ ಒಂದೆರಡು ಕ್ಷಣದಲ್ಲಿ ಹೊರೆಯನ್ನು ಹೊರುವುದು ಕಣಗಳಲ್ಲ, ಅವುಗಳ ನಡುವೆ ಸಿಕ್ಕಿಕೊಂಡ ನೀರು. ಆದ್ದರಿಂದ ಘರ್ಷಣೆಯ ಕೋನ 5 ಡಿಗ್ರಿಯಷ್ಟಕ್ಕೆ ಕುಸಿಯಬಹುದು. ಚದರ ಸೆಂಟಿಮೀಟರಿಗೆ 100 ಗ್ರಾಂ ಅಂಟು ಉಳಿದಿದ್ದರೆ ಅದರಿಂದ 120 ಕಿಲೋ, ಘರ್ಷಣೆಯಿಂದ 50 ಕಿಲೋ ಚಿಲ್ಲರೆ, ಒಟ್ಟು 170ರ ಆಸುಪಾಸು. ಈಗ ಮತ್ತೆ 100 ಕಿಲೋ ಹೇರಿದರೆ ಸಿಗುವುದು ಹೆಚ್ಚೆಂದರೆ 9 ಕಿಲೋ. ಅದೇ ಹೊತ್ತಿಗೆ ಗಾಲಿ ಇನ್ನಷ್ಟು ಹೂತು, ಕೆಸರನ್ನು ತಳ್ಳಿಕೊಂಡು ಉರುಳುವ ಶ್ರಮ ಹೆಚ್ಚುತ್ತದೆ. ಮೆತ್ತನೆಯ ನೆಲದಲ್ಲಿ ಈ ಶ್ರಮ ಹೇರಿದ ಹೊರೆಯ ಹತ್ತರಲ್ಲೊಂದು ಪಾಲಿನಿಂದ ಐದರಲ್ಲೊಂದು ಪಾಲಿನವರೆಗೂ ಹೋಗುತ್ತದೆ, ಅಂದರೆ 10ರಿಂದ 20 ಕಿಲೋ. ಗಳಿಕೆಗಿಂತ ಖರ್ಚು ಹೆಚ್ಚು. ಭಾರಕ್ಕೆ ಬದಲು ಟಾಯರಿನ ಹರವನ್ನು ಕಾಲುಪಾಲು ಹಿಗ್ಗಿಸಿದರೆ 30 ಕಿಲೋ ಸಿಗುತ್ತದೆ, ಗಾಲಿಯೂ ಕಡಿಮೆ ಹೂಳುತ್ತದೆ. ನಿಜವಾದ ಹೊಲದಲ್ಲಿ ಅಂಕಿಗಳು ಮೊಳಕ್ಕೊಂದು ಬಗೆಯಾಗಿರುತ್ತವೆ, ಆದರೆ ಲೆಕ್ಕ ಬಾಗುವ ದಿಕ್ಕು ಬದಲಾಗುವುದಿಲ್ಲ.

ಹಿಮದ ನಾಡಿನ ಪಾಠ ಇಲ್ಲಿಗೆ ಏಕೆ ಒಗ್ಗುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಹಿಡಿತ ಬಹುಮಟ್ಟಿಗೆ ಘರ್ಷಣೆಯದೇ, ಅದೂ ಬಡ ಘರ್ಷಣೆ. ಅದರ ಕೆಳಗೆ ಡಾಂಬರೋ ಹೆಪ್ಪುಗಟ್ಟಿದ ನೆಲವೋ ಇರುತ್ತದೆ, ಎಷ್ಟು ಭಾರ ಹಾಕಿದರೂ ಗಾಲಿ ಹೂಳುವುದಿಲ್ಲ. ಸರಪಳಿಯ ಕೊಂಡಿಗಳು ಭಾರವನ್ನು ಕೆಲವೇ ಬಿಂದುಗಳ ಮೇಲೆ ಕೂಡಿಸಿ ಮಂಜುಗಡ್ಡೆಯನ್ನು ಕಚ್ಚುತ್ತವೆ. ಎರೆಯ ರಾಡಿಯಲ್ಲಿ ಕಚ್ಚಲು ಗಟ್ಟಿ ಮೈ ಇಲ್ಲ, ಕೊಂಡಿಗಳ ನಡುವೆ ಜಿಗುಟು ಮಣ್ಣು ತುಂಬಿ ಗಾಲಿಯೇ ಒಂದು ಮಣ್ಣಿನ ಉಂಡೆಯಾಗುತ್ತದೆ. ಆದರೂ ಒಂದು ಸಂದರ್ಭದಲ್ಲಿ ಎರಡು ನೆಲಗಳೂ ಒಂದೇ ರೀತಿ ವರ್ತಿಸುತ್ತವೆ. ಮೊದಲ ಮಳೆಗೆ ಮೇಲಿನ ನಾಲ್ಕು ಬೆರಳು ಮಾತ್ರ ನೆನೆದು ಕೆಳಗೆ ಬೇಸಿಗೆಯ ಗಟ್ಟಿ ಹಾಗೇ ಉಳಿದಿರುವಾಗ, ತೆಳು ಹಿಮವನ್ನು ಸೀಳಿ ರಸ್ತೆಯನ್ನು ಮುಟ್ಟುವ ಕಿರಿದಾದ ಟಾಯರಿನ ಹಾಗೆ, ಇಲ್ಲೂ ಕಿರಿದಾದ, ಆಳ ಹಲ್ಲಿನ ಟಾಯರು ರಾಡಿಯನ್ನು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ. ಅಲ್ಲಿ ಭಾರವೂ ಕೆಲಸಕ್ಕೆ ಬರುತ್ತದೆ. ಹಸ್ತ ಮಳೆಯ ಹೊತ್ತಿಗೆ ಹಸಿ ಮೊಣಕಾಲು ಆಳಕ್ಕೆ ಇಳಿದ ಮೇಲೆ ಅದೇ ಟಾಯರು ಸೀಳುತ್ತಲೇ ಹೋಗಿ ಅಚ್ಚು ನೆಲಕ್ಕೆ ತಾಗುವ ತನಕ ನಿಲ್ಲುವುದಿಲ್ಲ. ಒಂದೇ ಹೊಲ, ಒಂದೇ ಯಂತ್ರ, ಕೆಲವೇ ತಿಂಗಳ ಅಂತರದಲ್ಲಿ ಎರಡು ವಿರುದ್ಧ ಉತ್ತರಗಳು. ಸಾರಾಸಗಟು ಸಲಹೆ ಕೊಡುವ ಕೈಪಿಡಿಗಳು ಎಡವುವುದು ಇಲ್ಲೇ.

ಭಾರವನ್ನು ಬೇಡವೆಂದಾಗ ಮೊದಲು ಬರುವ ಆಕ್ಷೇಪ ಕಣ್ಣಾರೆ ಕಂಡದ್ದರ ಬಲವುಳ್ಳದ್ದು: 50 ಅಶ್ವಶಕ್ತಿಯ ದೊಡ್ಡ ಟ್ರ್ಯಾಕ್ಟರ್ ದಾಟಿದ ಕಡೆ ಸಣ್ಣದು ಸಿಗಿಬೀಳುತ್ತದೆಯಲ್ಲ, ಅದು ಭಾರದ ಗುಣವಲ್ಲವೆ? ದೊಡ್ಡದರ ಗೆಲುವಿಗೆ ಕಾರಣ ಬೇರೆ. ಅದರ ಹಿಂದಿನ ಗಾಲಿಯ ಸುತ್ತಳತೆ ದೊಡ್ಡದು, ಅಗಲ ಹೆಚ್ಚು. ನೆಲಕ್ಕೆ ತಾಗುವ ಹರವು ತೂಕಕ್ಕೆ ತಕ್ಕಂತೆ ಹಿಗ್ಗಿದೆ. ಎತ್ತರದ ಗಾಲಿ ಗುಂಡಿಯನ್ನು ಸಣ್ಣ ಗಾಲಿಗಿಂತ ಸುಲಭವಾಗಿ ಏರುತ್ತದೆ, ಹೊಟ್ಟೆಯೂ ನೆಲದಿಂದ ಮೇಲಿರುತ್ತದೆ. ಸಣ್ಣ ಟ್ರ್ಯಾಕ್ಟರಿಗೆ ಕಬ್ಬಿಣ ಕಟ್ಟಿದರೆ ತೂಕ ಮಾತ್ರ ಬರುತ್ತದೆ, ಗಾಲಿ ದೊಡ್ಡದಾಗುವುದಿಲ್ಲ. ಸತ್ತ ಭಾರ ಹೊತ್ತು ತಿರುಗುವುದಕ್ಕಿಂತ ಕೆಲಸದ ಭಾರವನ್ನೇ ಗಾಲಿಗೆ ಹೊರಿಸುವುದು ಮೇಲೆಂದು ಎಂಜಿನಿಯರ್ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲೇ ತೋರಿಸಿದ. ಮೂರು ಕೊಂಡಿಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಬಿಗಿದು, ಎಳೆತ ಹೆಚ್ಚಿದಾಗ ಹೈಡ್ರಾಲಿಕ್ ತಾನಾಗಿ ನೇಗಿಲನ್ನು ಚೂರು ಎತ್ತುವ ಏರ್ಪಾಡು ಅವನದು. ಎತ್ತಿದಾಗ ನೇಗಿಲಿನ, ಮಣ್ಣಿನ ಭಾರ ಹಿಂದಿನ ಗಾಲಿಗೆ ವರ್ಗವಾಗುತ್ತದೆ. 1939ರಲ್ಲಿ ಫೋರ್ಡ್ ಕಂಪನಿ ಇದನ್ನು ಅಳವಡಿಸಿದ ಹಗುರ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಇಂದು ವಿಜಯಪುರದ ಹೊಲಗಳಲ್ಲಿ ಓಡುವ ಬಹುತೇಕ ಎಲ್ಲ ಟ್ರ್ಯಾಕ್ಟರುಗಳಲ್ಲೂ ಈ ಏರ್ಪಾಡು ಇದೆ, ಆದರೆ ಎಷ್ಟೋ ಕಡೆ ಅದನ್ನು ನೇಗಿಲು ಎತ್ತಿ ಇಳಿಸಲು ಮಾತ್ರ ಬಳಸುತ್ತಾರೆ. ಎತ್ತಿ ಇಳಿಸುವ ಸನ್ನೆಯ ಜೊತೆಗಿರುವ, ಎಳೆತಕ್ಕೆ ಓಗೊಡುವ ಎರಡನೆಯ ಸನ್ನೆಯನ್ನು ಸರಿಯಾಗಿ ಹೊಂದಿಸುವುದು ನೂರು ಕಿಲೋ ಕಬ್ಬಿಣಕ್ಕಿಂತ ಹೆಚ್ಚಿನ ಉಪಕಾರಿ. ಭಾರಕ್ಕೆ ತಕ್ಕ ಜಾಗ ಇಲ್ಲವೆಂದಲ್ಲ. ಬೇಸಿಗೆಯಲ್ಲಿ ಗಟ್ಟಿ ನೆಲ ಒಡೆಯುವಾಗ, ಕಬ್ಬಿನ ಟ್ರೇಲರ್ ಎಳೆದು ರಸ್ತೆಯ ಏರು ಹತ್ತುವಾಗ ಟಾಯರಿನ ಮುಕ್ಕಾಲು ಪಾಲು ನೀರು ತುಂಬುವುದು, ಮೂತಿ ಏಳದಂತೆ ಮುಂದೆ ಭಾರ ಕಟ್ಟುವುದು ಬೇಕೇ ಬೇಕು. ತಪ್ಪಾಗುವುದು ಮೇ ತಿಂಗಳಲ್ಲಿ ಹಾಕಿದ ಭಾರವನ್ನು ಸೆಪ್ಟೆಂಬರಿನಲ್ಲೂ ಬಿಚ್ಚದೆ ಇಟ್ಟಾಗ.

ಹರವು ಹೆಚ್ಚಿಸುವ ದಾರಿಗಳಲ್ಲಿ ಕಾಸಿಲ್ಲದ್ದು ಟಾಯರಿನ ಗಾಳಿ ಇಳಿಸುವುದು. ಟಾಯರು ನೆಲದ ಮೇಲೆ ಹೇರುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕಿಂತ ತುಸು ಹೆಚ್ಚಿರುತ್ತದೆ ಅಷ್ಟೆ, ಹಾಗಾಗಿ ಗಾಳಿ ಇಳಿದಷ್ಟೂ ಹರವು ಹಿಗ್ಗುತ್ತದೆ. ರಸ್ತೆಯಲ್ಲಿ ಹೇರು ಎಳೆಯಲು 20 ಪೌಂಡಿನ ಮೇಲೆ ತುಂಬಿಸಿದ ಗಾಳಿಯಲ್ಲೇ ಹೊಲಕ್ಕೆ ಇಳಿಯುವುದು ರೂಢಿ. ಹಿಂದಿನ ಟಾಯರಿಗೆ ಹೊಲದಲ್ಲಿ 12ರಿಂದ 14 ಪೌಂಡ್ ಸಾಕು. ಅದಕ್ಕಿಂತ ಕೆಳಗೆ ಹೋದರೆ ಟಾಯರು ಡಿಸ್ಕಿನ ಮೇಲೆ ಜಾರಿ ಟ್ಯೂಬಿನ ಕತ್ತು ಹರಿಯುವ ಅಪಾಯವಿದೆ, ಕಂಪನಿ ಹೇಳಿದ ಮಿತಿಯನ್ನು ಮೀರಬಾರದು. ಹಲ್ಲಿನ ಮಾತು ಬಂದರೆ, ಎರೆಯಲ್ಲಿ ಹಲ್ಲಿನ ಎತ್ತರದಷ್ಟೇ ಹಲ್ಲುಗಳ ನಡುವಿನ ಜಾಗವೂ ಮುಖ್ಯ. ಆ ಜಾಗದಲ್ಲಿ ಮಣ್ಣು ಕೂತರೆ ಹೊಸ ಟಾಯರೂ ಸವೆದ ಟಾಯರೇ. ಹಿಂದಿನಿಂದ ನೋಡಿದಾಗ ಹಲ್ಲುಗಳ ಬಾಣ ಮೇಲೆ ತುದಿ ಮಾಡಿರುವಂತೆ ಟಾಯರು ಕೂರಿಸಿದ್ದರೆ ಮಣ್ಣು ನಡುವಿನಿಂದ ಅಂಚಿಗೆ ಸರಿದು ಉದುರುತ್ತದೆ. ಪಂಕ್ಚರ್ ಹಾಕಿಸಿ ತಂದಾಗ ತಿರುಗು ಮುರುಗಾಗಿ ಕೂತ ಟಾಯರು ಮಣ್ಣನ್ನು ಒಳಗೇ ಕೂಡಿಸುತ್ತದೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆಯ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಹರವನ್ನು ಒಂದೇ ಏಟಿಗೆ ಹಿಗ್ಗಿಸುತ್ತದೆ, ನಿಜ. ಆದರೆ ಗದ್ದೆಯ ಕೆಸರಿನ ಕೆಳಗೆ ತುಳಿತದಿಂದಲೇ ಆದ ಗಟ್ಟಿ ಪದರವಿರುತ್ತದೆ. ಜೋಳದ, ಕಡಲೆಯ ಹೊಲದಲ್ಲಿ ಅಂಥ ಪದರವನ್ನು ಯಾರೂ ಬಯಸುವುದಿಲ್ಲ. ಡಾಂಬರು ಕಿತ್ತುಹೋಗುವುದರಿಂದ ರಸ್ತೆಗೆ ಏರುವ ಮೊದಲು ಅದನ್ನು ಬಿಚ್ಚಲೂ ಬೇಕು. ಕೊಲ್ಹಾರ ಸೀಮೆಗೆ ಅದು ನಿತ್ಯದ ಸಾಧನವಾಗಲಾರದು.

ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಸಣ್ಣ ಟ್ರ್ಯಾಕ್ಟರಿನ ಬೆಲೆ ಹೆಚ್ಚು, ಆದರೆ ಎರೆಯಲ್ಲಿ ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಮುಂದಿನ ಗಾಲಿಗಳ ಹರವೂ ಎಳೆತಕ್ಕೆ ಸೇರುತ್ತದೆ. ಸುಮ್ಮನೆ ತಳ್ಳಿಸಿಕೊಂಡು ಹೋಗುತ್ತಿದ್ದ ಗಾಲಿಗಳು ತಾವೇ ಎಳೆಯತೊಡಗುತ್ತವೆ. ಮುಂದಿನದು ತುಳಿದು ಮಾಡಿದ ಹಾದಿಯಲ್ಲಿ ಹಿಂದಿನದು ಸಾಗುತ್ತದೆ. ಗಟ್ಟಿ ರಸ್ತೆಯಲ್ಲಿ ಮಾತ್ರ ಮುಂದಿನ ಶಕ್ತಿಯನ್ನು ಬಿಡಿಸಬೇಕು. ಮುಂದಿನ ಗಾಲಿ ಹಿಂದಿನದಕ್ಕಿಂತ ಚೂರು ವೇಗವಾಗಿ ತಿರುಗುವಂತೆ ಮಾಡಿರುವುದರಿಂದ, ಜಾರಲು ಆಸ್ಪದವಿಲ್ಲದ ಕಡೆ ಟಾಯರು, ಗೇರು ಎರಡೂ ಸವೆಯುತ್ತವೆ. ಡಿಫರೆನ್ಷಿಯಲ್ ಲಾಕ್ ಒಂದೇ ಗಾಲಿ ಜಾರಿದಾಗ ಎರಡನ್ನೂ ಕೂಡಿಸುತ್ತದೆ. ಅದನ್ನು ತುಳಿಯಬೇಕಾದದ್ದು ಗಾಲಿ ಗಿರಗಿರ ಸುತ್ತುವಾಗಲ್ಲ, ಸುತ್ತುವ ಮುಂಚೆ. ಜಾರುವಿಕೆ ಎಷ್ಟಿದೆ ಎಂದು ಅಳೆಯಲು ಉಪಕರಣ ಬೇಡ: ಗಾಲಿಗೆ ಸುಣ್ಣದ ಗುರುತು ಹಾಕಿ, ಕೆಲಸವಿಲ್ಲದೆ ಹತ್ತು ಸುತ್ತಿಗೆ ಸಾಗಿದ ದೂರವನ್ನೂ ನೇಗಿಲು ಇಳಿಸಿ ಹತ್ತು ಸುತ್ತಿಗೆ ಸಾಗಿದ ದೂರವನ್ನೂ ಹೋಲಿಸಿದರೆ ಸಾಕು. ನೂರಕ್ಕೆ ಎಂಟರಿಂದ ಹದಿನೈದರಷ್ಟು ಕೊರತೆ ಆರೋಗ್ಯದ ಲಕ್ಷಣ. ಕಾಲುಪಾಲು ಮೀರಿದರೆ ಡೀಸೆಲ್ ನೆಲ ಉಳುವುದಕ್ಕಲ್ಲ, ನೆಲ ಉಜ್ಜುವುದಕ್ಕೆ ಉರಿಯುತ್ತಿದೆ. ಸೊನ್ನೆಗೆ ಹತ್ತಿರವಿದ್ದರೆ ಬೇಡದ ಭಾರವನ್ನು ಹೊತ್ತು ತಿರುಗುತ್ತಿದ್ದೀರಿ.

ಇಷ್ಟಾದ ಮೇಲೂ ಮಣ್ಣಿನ ನೀರೇ ದೊಡ್ಡ ಯಜಮಾನ. ಅಂಗೈಯಲ್ಲಿ ಹೊಸೆದ ಎರೆ ತೆಳುವಾದ ಎಳೆಯಾಗಿ ಉಳಿದರೆ ಹೊಲ ಇನ್ನೂ ಹಸಿ, ಎಳೆಯಾಗುವ ಮೊದಲೇ ಪುಡಿಯಾದರೆ ಇಳಿಯಬಹುದು. ಮಣ್ಣು ಪ್ರಯೋಗಾಲಯಗಳು ಮೂರು ಮಿಲಿಮೀಟರ್ ಎಳೆಯಿಂದ ಅಳೆಯುವ ಮಿತಿಯೂ ಇದೇ. ಎತ್ತಿನ ಗಳೆಯವರು ಹದ ಕಾಯುತ್ತಿದ್ದದ್ದು ಈ ಕಾರಣಕ್ಕೆ. ಕಾಯಲು ಪುರಸತ್ತಿಲ್ಲ ಎಂಬುದು ಇದಕ್ಕೆ ಬರುವ ಎರಡನೆಯ ಆಕ್ಷೇಪ, ಮತ್ತು ಅದು ಗಂಭೀರವಾದದ್ದು. ಹಿಂಗಾರಿ ಜೋಳದ ಬಿತ್ತನೆ ವಾರ ತಡವಾದರೆ ಇಳುವರಿ ಬೀಳುತ್ತದೆ. ದ್ರಾಕ್ಷಿ ತೋಟದವರ ಇಕ್ಕಟ್ಟು ಇನ್ನೂ ಬಿಗಿ. ಅಕ್ಟೋಬರ್ ಚಾಟಣಿಯ, ಅಂದರೆ ಬಳ್ಳಿ ಸವರುವಿಕೆಯ, ನಂತರ ಮಳೆ ಬಿದ್ದರೆ ಬೂಜು ರೋಗ ತಡೆಯಲು ಒಂದೆರಡು ದಿನದೊಳಗೆ ಔಷಧ ಹೊಡೆಯಲೇಬೇಕು, ನೆಲ ಒಣಗುವ ತನಕ ರೋಗ ಕಾಯುವುದಿಲ್ಲ. ಹತ್ತಡಿ ಸಾಲಿನ ನಡುವೆ ಸಣ್ಣ ಟ್ರ್ಯಾಕ್ಟರಲ್ಲದೆ ಬೇರೆ ಯಂತ್ರ ಹಿಡಿಸುವುದೂ ಇಲ್ಲ. ಕಾಯಲಾಗದ ಕಡೆ ಹಾದಿಯನ್ನು ಮೊದಲೇ ಸಿದ್ಧಮಾಡಿಕೊಳ್ಳುವುದೇ ಉತ್ತರ. ತೋಟದಲ್ಲಿ ಗಾಲಿ ಪ್ರತಿ ಸಲ ಓಡುವುದು ಅದೇ ಎರಡು ಗೆರೆಗಳ ಮೇಲೆ. ಆ ಗೆರೆಗಳಿಗೆ ಬೇಸಿಗೆಯಲ್ಲಿ ಗರಸು ಹಾಕಿ ತುಳಿಸಿದರೆ, ಇಲ್ಲವೇ ಹುಲ್ಲನ್ನು ಕೀಳದೆ ಕತ್ತರಿಸಿ ಬಿಟ್ಟರೆ, ಬೇರಿನ ಜಾಲವೇ ನೆಲಕ್ಕೆ ಅಂಟು ಕೊಡುತ್ತದೆ. ಸಾಲಿನ ಕೊನೆಯ ತಿರುವು ಹೆಚ್ಚು ಹೂಳುವ ಜಾಗ, ಗರಸು ಮೊದಲು ಬೀಳಬೇಕಾದದ್ದು ಅಲ್ಲಿ. ಔಷಧದ ಟ್ಯಾಂಕನ್ನು ಅರ್ಧ ತುಂಬಿಸಿ ಎರಡು ಸಲ ಹೋಗುವುದು ಹೊತ್ತು ತಿನ್ನುತ್ತದೆ, ಆದರೆ 600 ಲೀಟರಿನ ಟ್ಯಾಂಕಿನಲ್ಲಿ ಮುನ್ನೂರು ಕಿಲೋ ಇಳಿಯುತ್ತದೆ. ಮೇಲಿನ ಲೆಕ್ಕದ ಪ್ರಕಾರ ಹಸಿ ಎರೆಯಲ್ಲಿ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಜೋಳದ ಹೊಲಕ್ಕೂ ಇದೇ ತತ್ವ ಹೊಂದುತ್ತದೆ: ಕೂರಿಗೆ, ಔಷಧ, ಎಡೆ ಕುಂಟಿ ಎಲ್ಲಕ್ಕೂ ಗಾಲಿಯ ಹಾದಿ ಒಂದೇ ಆಗಿ ಉಳಿದರೆ ಹಾದಿ ಗಟ್ಟಿಯಾಗುತ್ತದೆ, ಬೆಳೆಯ ನೆಲ ಸಡಿಲವಾಗಿರುತ್ತದೆ.

ಮೂರನೆಯ ಆಕ್ಷೇಪ ಮಣ್ಣನ್ನು ಬಲ್ಲವರದು. ಎರೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಮಣ್ಣು. ಈ ವರ್ಷ ಗಾಲಿ ತುಳಿದು ಗಟ್ಟಿಯಾದದ್ದು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಮತ್ತೆ ಸಡಿಲವಾಗುತ್ತದೆ, ಹಾಗಿದ್ದರೆ ಇಷ್ಟು ಎಚ್ಚರವೇಕೆ? ಮಳೆಯಾಶ್ರಿತ ಹೊಲದ ಮಟ್ಟಿಗೆ ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ, ಮೇಲಿನ ಪದರಕ್ಕೆ ಮಾತ್ರ. ಕಾಲುವೆ ನೀರು ಬಂದ ಕಡೆ ಸತ್ಯ ಬದಲಾಗಿದೆ. ಕಬ್ಬು ನಿಂತ ಹೊಲ ವರ್ಷವಿಡೀ ಹಸಿಯಾಗಿರುತ್ತದೆ, ಆಳದವರೆಗೆ ಬಿರಿಯುವ ಅವಕಾಶವೇ ಬರುವುದಿಲ್ಲ. ಹಸಿಯಲ್ಲಿ ಹೇರು ಟ್ರೇಲರ್ ತುಳಿದ ಕೆಳಪದರ ವರ್ಷದಿಂದ ವರ್ಷಕ್ಕೆ ಬಿಗಿಯುತ್ತ ಹೋಗಿ ನೀರು ಬಸಿಯುವುದನ್ನು ತಡೆಯುತ್ತದೆ. ಬಸಿಯದ ನೀರು ಸವಳು ತರುತ್ತದೆ, ಮುಂದಿನ ಸಲ ಗಾಲಿ ಹೂಳುವುದಕ್ಕೂ ಅದೇ ಕಾರಣವಾಗುತ್ತದೆ. ಹಿಡಿತದ ಕೊರತೆಯನ್ನು ತಪ್ಪಿಸಲು ರೋಟಾವೇಟರ್ ಹಿಡಿಯುವವರೂ ಇದನ್ನು ಗಮನಿಸಬೇಕು. ಅದರ ಬ್ಲೇಡುಗಳು ಟ್ರ್ಯಾಕ್ಟರಿನ ಹಿಂಬದಿಯ ತಿರುಗುವ ದಂಡದ (ಪಿಟಿಒ) ಶಕ್ತಿಯಿಂದ ತಿರುಗಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುವುದರಿಂದ ಗಾಲಿಗೆ ಎಳೆತದ ಹೊಣೆ ಕಡಿಮೆ, ರಾಡಿಯಲ್ಲೂ ಅದು ಸಾಗುತ್ತದೆ. ಸಾಗುತ್ತದೆ ಎಂಬುದೇ ತೊಂದರೆ: ಐದಾರು ಇಂಚು ಆಳದಲ್ಲಿ ಹಸಿ ಜೇಡಿಯನ್ನು ಬ್ಲೇಡು ಸವರಿ ನುಣುಪು ಮಾಡಿ, ಬೇರೂ ನೀರೂ ಇಳಿಯದ ತಳ ಕಟ್ಟುತ್ತದೆ. ಗಾಲಿ ಜಾರುವುದು ಹೊಲ ಕೊಡುವ ಎಚ್ಚರಿಕೆ. ಅದನ್ನು ಮುಚ್ಚಿಹಾಕುವ ಸಾಧನ ಎರೆಗೆ ಹಿತವಲ್ಲ. ಕಿರ್ಲೋಸ್ಕರ್ ಕಬ್ಬಿಣದ ನೇಗಿಲಿಗೆ ನಾಲ್ಕಾರು ಜೋಡಿ ಎತ್ತು ಕಟ್ಟಿ ಬೇಸಿಗೆಯಲ್ಲೇ ಆಳ ಉಳುಮೆ ಮುಗಿಸಿ, ಮಳೆಗಾಲಕ್ಕೆ ಹಗುರ ಕುಂಟಿಯನ್ನು ಮಾತ್ರ ಉಳಿಸಿಕೊಂಡಿದ್ದ ಹಳೆಯ ಕ್ರಮದಲ್ಲಿ ಈ ವಿವೇಕವಿತ್ತು; ಸಣ್ಣ ಟ್ರ್ಯಾಕ್ಟರಿನ ಕೆಲಸವನ್ನೂ ಹಾಗೇ ಹಂಚಬಹುದು.

ಹೂತ ಟ್ರ್ಯಾಕ್ಟರನ್ನು ಎತ್ತುವ ವಿಷಯದಲ್ಲಿ ಎಚ್ಚರ ಜೀವಕ್ಕೆ ಸಂಬಂಧಿಸಿದ್ದು. ಹಿಂದಿನ ಗಾಲಿಗೆ ಅಡ್ಡಲಾಗಿ ದಿಮ್ಮಿ ಬಿಗಿದು ಜೋರಾಗಿ ಕ್ಲಚ್ ಬಿಡುವ ರೂಢಿ ಅತ್ಯಂತ ಅಪಾಯಕಾರಿ. ಗಾಲಿ ತಿರುಗಲಾರದೆ ನಿಂತಾಗ ಎಂಜಿನ್ನಿನ ಬಲ ಗಾಲಿಯ ಬದಲು ಟ್ರ್ಯಾಕ್ಟರನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ, ಮೂತಿ ಎದ್ದು ಯಂತ್ರ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು, ಬ್ರೇಕಿಗೆ ಕಾಲು ಹೋಗುವಷ್ಟು ಸಮಯವೂ ಸಿಗುವುದಿಲ್ಲ. ಸುತ್ತುವ ಗಾಲಿಗೆ ಎಕ್ಸಿಲರೇಟರ್ ಹೆಚ್ಚಿಸಿದಷ್ಟೂ ಗುಂಡಿ ಆಳವಾಗುತ್ತದೆ. ಗಾಲಿ ಸುತ್ತತೊಡಗಿದ ಕೂಡಲೇ ನಿಲ್ಲಿಸಿ, ಹಿಂದಿನ ಸಾಧನವನ್ನು ಬಿಚ್ಚಿ, ಟಾಯರಿನ ಗಾಳಿ ಇಳಿಸಿ, ಗಾಲಿಯ ಹಿಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ಕೆತ್ತಿ, ಜೋಳದ ಕಣಿಕೆಯನ್ನೋ ತೊಗರಿ ಕಟ್ಟಿಗೆಯನ್ನೋ ಹಾಸಿ, ಬಂದ ಹಾದಿಯಲ್ಲೇ ಕಡಿಮೆ ವೇಗದ ರಿವರ್ಸ್ ಗೇರಿನಲ್ಲಿ ಹೊರಬರುವುದು ಸರಿಯಾದ ಕ್ರಮ; ಬಂದ ಹಾದಿ ಒಮ್ಮೆ ತುಳಿದು ಗಟ್ಟಿಯಾದದ್ದು. ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದಾದರೆ ಎಳೆಯುವ ಯಂತ್ರದ ಸರಪಳಿ ಅಚ್ಚಿಗಿಂತ ಕೆಳಗಿನ ಡ್ರಾಬಾರಿಗೇ ಕಟ್ಟಿರಬೇಕು, ಮೇಲಿನ ಕೊಂಡಿಗೆ ಎಂದಿಗೂ ಅಲ್ಲ, ಮತ್ತು ಸರಪಳಿ ಬಿಗಿಯುವಾಗ ಎರಡರ ನಡುವೆ ಯಾರೂ ನಿಂತಿರಬಾರದು.